ಹಡಗು ನಿಲ್ಲುವ ಒಂದು ಹಗಲು

ಹಿಂದೂಪುರ, ಕಲ್ಯಾಣದುರ್ಗ, ಮಡಕಶಿರಾ, ರಾಯದುರ್ಗದ ಕಡೆಯವರಾದ ನಮಗೂ ಹಡಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮಲ್ಲಿ ಕೆರೆ ಕೋಡಿ ಬಿದ್ದರೆ ಅದೇ ದೊಡ್ಡ ಸುದ್ದಿ. ಕಡಲು ನೋಡಬೇಕಾದರೆ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಒಂದು ಇಡೀ ದಿನದ ಪ್ರಯಾಣ. ಆದರೂ ಇವತ್ತು ನಾನು ಮಾತನಾಡಲು ಆರಿಸಿಕೊಂಡಿರುವುದು ಬಂದರಿಗೆ ಬರುವ ಪ್ರವಾಸಿ ಹಡಗುಗಳ ವಿಷಯವನ್ನೇ. ಯಾಕೆ ಆರಿಸಿಕೊಂಡೆ ಎನ್ನುವುದು ಮಾತಿನ ನಡುವೆ ನಿಮಗೆ ತಿಳಿಯುತ್ತದೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಸರಕಿನ ಹಡಗು ನಮಗೆಲ್ಲ ಗೊತ್ತು, ಚಿತ್ರದಲ್ಲಾದರೂ ನೋಡಿದ್ದೇವೆ. ಪ್ರವಾಸಿ ಹಡಗು ಬೇರೆ ಜಾತಿಯದು. ಅದನ್ನು ಕ್ರೂಸ್ ಹಡಗು ಅನ್ನುತ್ತಾರೆ. ಅದು ಒಂದು ಊರಿನಿಂದ ಇನ್ನೊಂದು ಊರಿಗೆ ಜನರನ್ನು ಸಾಗಿಸುವ ವಾಹನವಲ್ಲ, ತೇಲುವ ಹೋಟೆಲು. ಮಲಗುವುದು, ಉಣ್ಣುವುದು, ನಾಟಕ ನೋಡುವುದು, ಈಜುವುದು ಎಲ್ಲವೂ ಅದರೊಳಗೇ. ಸಾಮಾನ್ಯವಾಗಿ ರಾತ್ರಿ ಸಾಗುತ್ತದೆ, ಹಗಲು ಒಂದು ಬಂದರಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಹತ್ತಬೇಕು. ಮರುದಿನ ಇನ್ನೊಂದು ಬಂದರು. ಇವುಗಳಲ್ಲಿ ಸಣ್ಣವೂ ಇವೆ, ನಂಬಲಾಗದಷ್ಟು ದೊಡ್ಡವೂ ಇವೆ. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಮೊದಲ ಬಾರಿ ಹೊರಟ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗು ಪೂರ್ತಿ ತುಂಬಿದರೆ 7,600 ಪ್ರಯಾಣಿಕರನ್ನು ಹೊರುತ್ತದೆ. ಅವರ ಸೇವೆಗೆ 2,350 ಸಿಬ್ಬಂದಿ. ನಮ್ಮ ಕಡೆಯ ಎರಡು ಮೂರು ಪಂಚಾಯಿತಿಗಳ ಜನರನ್ನೆಲ್ಲ ಒಂದೇ ಹಡಗಿನಲ್ಲಿ ಕೂರಿಸಿದ ಹಾಗೆ.

ಕನ್ನಡ ನಾಡಿನಲ್ಲಿ ಇಂಥ ಹಡಗು ಬಂದು ನಿಲ್ಲುವ ದೊಡ್ಡ ಬಂದರು ಮಂಗಳೂರಿನ ಹತ್ತಿರ ಪಣಂಬೂರಿನಲ್ಲಿದೆ. ಹೆಸರು ನವ ಮಂಗಳೂರು ಬಂದರು. ಹಳೆಯ ಬಂದರು ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಬಳಿ ಇತ್ತು, ಈಗಲೂ ಸಣ್ಣ ಹಡಗು, ದೋಣಿಗಳಿಗೆ ಇದೆ. ಅಲ್ಲಿ ಆಳ ಸಾಲದು. ಆದ್ದರಿಂದ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಹೊಸ ಬಂದರು ಮಾಡಿದರು. 1974ರ ಮೇ ತಿಂಗಳಲ್ಲಿ ಅದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಿದರು, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಕಟ್ಟಿದ್ದು ಸರಕಿಗಾಗಿ. ಕುದುರೆಮುಖದ ಕಬ್ಬಿಣದ ಅದಿರು, ಕಚ್ಚಾ ಎಣ್ಣೆ, ಕಲ್ಲಿದ್ದಲು, ಕಾಫಿ ಇವೇ ಅದರ ಜೀವಾಳವಾಗಿದ್ದವು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು, ಉಳಿದವು ನಡೆದಿವೆ. ಪ್ರವಾಸಿ ಹಡಗು ಇದರ ನಡುವೆ ಬರುವ ಅತಿಥಿ. ಮಳೆಗಾಲದಲ್ಲಿ ಪಶ್ಚಿಮದ ಕಡಲು ಕೆರಳಿರುತ್ತದೆ. ಆದ್ದರಿಂದ ಈ ಅತಿಥಿ ಬರುವುದು ದೀಪಾವಳಿಯ ಆಚೆಈಚೆ ಶುರುವಾಗಿ ಯುಗಾದಿ ಕಳೆಯುವವರೆಗೆ.

2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಈ ಹಡಗುಗಳೆಲ್ಲ ನಿಂತುಹೋದವು. ಎರಡೂವರೆ ವರ್ಷಕ್ಕೂ ಮೇಲೆ ಮಂಗಳೂರಿಗೆ ಒಂದೂ ಬರಲಿಲ್ಲ. ಮತ್ತೆ ಬಂದದ್ದು 2022ರ ನವೆಂಬರ್ 28ರಂದು, ‘ಯುರೋಪಾ 2’ ಎಂಬ ಹಡಗು. ಗೋವಾದ ಕಡೆಯಿಂದ ಬಂದು ಕೊಚ್ಚಿಗೆ ಹೋಗುವ ದಾರಿಯಲ್ಲಿ ನಿಂತಿತು. ಪ್ರಯಾಣಿಕರು 271 ಮಂದಿ, ಸಿಬ್ಬಂದಿ 373 ಮಂದಿ. ಕೇಳಿದಿರಾ? ಉಣ್ಣುವವರಿಗಿಂತ ಬಡಿಸುವವರೇ ಹೆಚ್ಚು. ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದ ನಾನು ಒಂದು ಕೌಂಟರಿಗೆ ನೂರು ಜನರ ಸಾಲು ನೋಡಿದವನು. ಒಬ್ಬ ಗಿರಾಕಿಗೆ ಒಬ್ಬನಿಗಿಂತ ಹೆಚ್ಚು ಗುಮಾಸ್ತರು ಎಂದರೆ ನನಗೆ ನಗು ಬರುತ್ತದೆ.

ನನ್ನ ತಂಗಿಯ ಮಗ ಮಂಗಳೂರಿನಲ್ಲಿ ಪ್ರವಾಸಿ ಬಸ್ಸು ಓಡಿಸುತ್ತಾನೆ. ಅವನ ಬಾಯಿಂದ ಕೇಳಿ, ಒಂದು ಸಲ ಅವನ ಮನೆಯಲ್ಲಿ ಒಂದು ವಾರ ಇದ್ದು ನೋಡಿ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ಹಡಗು ಕಡಲಿನಲ್ಲಿ ದೂರ ಇರುವಾಗಲೇ ಬಂದರಿನ ಪೈಲಟ್ ಸಣ್ಣ ದೋಣಿಯಲ್ಲಿ ಹೋಗಿ ಅದನ್ನು ಹತ್ತುತ್ತಾನೆ. ಪೈಲಟ್ ಎಂದರೆ ವಿಮಾನದವನಲ್ಲ, ಆ ಬಂದರಿನ ಆಳ, ಹರಿವು, ತಿರುವು ಗೊತ್ತಿರುವ ದಾರಿತೋರಕ. ಎಷ್ಟೇ ದೊಡ್ಡ ಕ್ಯಾಪ್ಟನ್ ಆದರೂ ಬೇರೆ ಊರಿನ ಬಂದರಿಗೆ ಹೊಕ್ಕಾಗ ಊರಿನವನ ಮಾತು ಕೇಳಬೇಕು. ಆಮೇಲೆ ಟಗ್ ಎಂಬ ಗಟ್ಟಿ ದೋಣಿಗಳು ಹಡಗನ್ನು ಎಳೆದು, ತಳ್ಳಿ, ಕಟ್ಟೆಗೆ ಒರಗಿಸುತ್ತವೆ. ಆ ಕಟ್ಟೆಗೆ ಮಂಗಳೂರಿನವರು ದಕ್ಕೆ ಅನ್ನುತ್ತಾರೆ. ಇಳಿದವರ ಕಾಗದಪತ್ರ, ಆರೋಗ್ಯ, ಸುಂಕದ ತಪಾಸಣೆ ನಡೆಯುತ್ತದೆ. ಚೆಂಡೆ ಬಾರಿಸುತ್ತಾರೆ, ಯಕ್ಷಗಾನದ ವೇಷ ನಿಲ್ಲಿಸುತ್ತಾರೆ. ಆ ಕಿರೀಟದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದೆ ಯಾರೂ ಮುಂದೆ ಹೋಗುವುದಿಲ್ಲವಂತೆ. ಹೊರಗೆ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಒಂದೊಂದು ಬಸ್ಸಿಗೆ ಒಂದೊಂದು ಸಂಖ್ಯೆ, ಒಬ್ಬ ಗೈಡು.

“ಮಾವ, ಅವರ ಹತ್ತಿರ ಎಲ್ಲಾ ಇದೆ, ಸಮಯ ಒಂದು ಬಿಟ್ಟು” ಎಂದ ನನ್ನ ಸೋದರಳಿಯ. ಮಾತು ಸರಿಯಾಗಿದೆ. ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಹೋದರೆ, ದಾರಿಯಲ್ಲಿ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ತಾನೇ ಆಟೋ ಹಿಡಿದು ಹೋದವನು ತಡಮಾಡಿದರೆ ಹಡಗು ಹೊರಟುಹೋಗುತ್ತದೆ, ಅವನು ಮುಂದಿನ ಬಂದರಿಗೆ ತನ್ನ ಖರ್ಚಿನಲ್ಲಿ ಓಡಬೇಕು. ಹೀಗಾಗಿ ಬಹಳ ಜನ ಬಸ್ಸನ್ನೇ ಹಿಡಿಯುತ್ತಾರೆ. ಅಂದಮೇಲೆ ಅವರು ಏನು ನೋಡುತ್ತಾರೆ, ಏನು ಕೇಳುತ್ತಾರೆ ಎನ್ನುವುದು ಬಸ್ಸು ಯಾವ ದಾರಿ ಹಿಡಿಯುತ್ತದೆ, ಗೈಡು ಏನು ಹೇಳುತ್ತಾನೆ ಎಂಬುದರ ಮೇಲೆ ನಿಂತಿದೆ. ಎಂಟು ಗಂಟೆಯಲ್ಲಿ ಒಂದು ನಾಡನ್ನು ತೋರಿಸಬೇಕು. ನಿಮಗೆ ಆ ಕೆಲಸ ಕೊಟ್ಟರೆ ಏನು ತೋರಿಸುತ್ತೀರಿ, ಯೋಚಿಸಿ.

ಮಂಗಳೂರಿನವರು ಆರಿಸಿಕೊಂಡಿರುವುದು ಹೀಗಿದೆ. ದೂರ ಹೋಗುವ ಬಸ್ಸು ಮೂಡುಬಿದಿರೆ, ಕಾರ್ಕಳಕ್ಕೆ ಹೋಗುತ್ತದೆ. ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ. ಚಂದ್ರನಾಥ ಸ್ವಾಮಿಯ ಬಸದಿ ಅದು, 1430ರಲ್ಲಿ ಕಟ್ಟಿದ್ದು. ಕಾರ್ಕಳದಲ್ಲಿ ಬಂಡೆಯ ಮೇಲೆ ಗೊಮ್ಮಟ, 42 ಅಡಿ ಎತ್ತರ, ವೀರಪಾಂಡ್ಯ ಎಂಬ ಅರಸ 1432ರಲ್ಲಿ ನಿಲ್ಲಿಸಿದ್ದು. ಊರೊಳಗೇ ಸುತ್ತುವ ಬಸ್ಸು ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಮಾರುಕಟ್ಟೆ, ಗೇರುಬೀಜದ ಕಾರ್ಖಾನೆ ತೋರಿಸುತ್ತದೆ. ಒಂದು ಹಳೆಯ ಮನೆಯನ್ನೂ ತೋರಿಸುವುದುಂಟು. ಕುದ್ರೋಳಿಯ ಗುಡಿ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ್ದು. ಬೇರೆ ಗುಡಿಗಳ ಒಳಗೆ ಬಿಡದಿದ್ದ ಜನರಿಗಾಗಿ ಎದ್ದ ಗುಡಿ ಎಂಬುದನ್ನು ಗೈಡು ಹೇಳಿದರೆ ಅದರ ಬೆಲೆ ತಿಳಿಯುತ್ತದೆ, ಹೇಳದಿದ್ದರೆ ಅದು ಬರೀ ಚಿನ್ನದ ಬಣ್ಣದ ಗೋಪುರ. ಅಲೋಶಿಯಸ್ ಚಾಪೆಲಿನ ಗೋಡೆ, ಮಾಡುಗಳ ತುಂಬ ಚಿತ್ರ ಬರೆದವನು ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಚೆನಿ ಎಂಬ ಜೆಸುಯಿಟ್ ಬ್ರದರ್. 1899ರಲ್ಲಿ ಶುರುಮಾಡಿ ಎರಡು ಮೂರು ವರ್ಷದಲ್ಲಿ ಮುಗಿಸಿದ. ಇಟಲಿಯ ಪ್ರವಾಸಿ ಹಡಗಿನಿಂದಿಳಿದು, ಇಷ್ಟು ದೂರ ಬಂದು, ತನ್ನ ಊರಿನವನ ಕೈಕೆಲಸವನ್ನೇ ನೋಡಿ ಹೋಗುತ್ತಾನೆ. ಅದೂ ಒಂದು ತಮಾಷೆ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಗೇರುಬೀಜದ ಕಾರ್ಖಾನೆಯನ್ನು ತೋರಿಸುವುದು. ನಮ್ಮಲ್ಲಿ ಗೋಡಂಬಿ ಅನ್ನುತ್ತೇವೆ, ತೆಲುಗಿನಲ್ಲಿ ಜೀಡಿಪಪ್ಪು. ಪಾಯಸದಲ್ಲಿ ನಾಲ್ಕು ಬಿದ್ದರೆ ಅವತ್ತು ಹಬ್ಬ. ಅದು ಅಂಗಡಿಗೆ ಬರುವ ಮುಂಚೆ ಎಷ್ಟು ಕೈ ದಾಟುತ್ತದೆ ಗೊತ್ತೇ? ಬೀಜವನ್ನು ಹಬೆಯಲ್ಲಿ ಬೇಯಿಸಿ ಇಲ್ಲವೇ ಹುರಿದು, ಸಿಪ್ಪೆ ಒಡೆದು, ಒಳಗಿನ ಕೆಂಪು ಪೊರೆ ಸುಲಿದು, ಗಾತ್ರ ನೋಡಿ ವಿಂಗಡಿಸಬೇಕು. ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಡುತ್ತದೆ, ಕಪ್ಪಾಗುತ್ತದೆ. ಮಾಡುವವರು ಹೆಚ್ಚಾಗಿ ಹೆಂಗಸರು. ಅಂಗಡಿಯ ಡಬ್ಬದ ಮೇಲೆ 240, 320 ಎಂದು ಇರುತ್ತದಲ್ಲ, ಅದು ಬೆಲೆಯಲ್ಲ. ಒಂದು ಪೌಂಡು ತೂಕಕ್ಕೆ ಹೆಚ್ಚೆಂದರೆ ಅಷ್ಟು ಬೀಜ ತೂಗುತ್ತವೆ ಎಂಬ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಬೀಜ ದೊಡ್ಡದು. ನಮ್ಮ ಬ್ಯಾಂಕಿನ ಲೆಕ್ಕಕ್ಕೆ ಪೂರಾ ಉಲ್ಟಾ. ದೇವಸ್ಥಾನದಲ್ಲಿ ಅರ್ಧ ಗಂಟೆ ನಿಂತು ಬೇಸರಪಡುವ ಪ್ರವಾಸಿಗಳು ಈ ಕಾರ್ಖಾನೆಯಿಂದ ಏಳುವುದೇ ಇಲ್ಲವಂತೆ. ತಾವೂ ಒಂದು ಬೀಜ ಒಡೆಯಲು ನೋಡುತ್ತಾರೆ, ಆಗುವುದಿಲ್ಲ, ಆ ಹೆಂಗಸರು ನಗುತ್ತಾರೆ. ಆಮೇಲೆ ಎರಡು ಮೂರು ಪೊಟ್ಟಣ ಕೊಳ್ಳುತ್ತಾರೆ.

ಹಡಗಿಳಿದು ನಮ್ಮ ನಾಡನ್ನು ನೋಡಿಹೋದವರು ಇವರೇ ಮೊದಲಲ್ಲ. 1443ರಲ್ಲಿ ಪರ್ಷಿಯಾ ಕಡೆಯ ದೊರೆ ಶಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ ಎಂಬವನು ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು ಇಳಿದ. ಎರಡು ಮೂರು ದಿನ ಇದ್ದು, ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಮಂಗಳೂರಿನ ಹತ್ತಿರ ಒಂದು ಎರಕದ ಕಂಚಿನ ಗುಡಿಯನ್ನೂ ಕಣ್ಣಿಗೆ ಮಾಣಿಕ್ಯ ಇಟ್ಟ ವಿಗ್ರಹವನ್ನೂ ಕಂಡು ಬೆರಗಾದದ್ದನ್ನು ಬರೆದಿಟ್ಟಿದ್ದಾನೆ. ಲೆಕ್ಕ ಹಾಕಿ ನೋಡಿ. ಅವನು ಬಂದಾಗ ಮೂಡುಬಿದಿರೆಯ ಬಸದಿ ಕಟ್ಟಿ ಹದಿಮೂರು ವರ್ಷ, ಕಾರ್ಕಳದ ಗೊಮ್ಮಟ ನಿಂತು ಹನ್ನೊಂದು ವರ್ಷ. ಅವತ್ತಿಗೆ ಅವು ಹೊಸ ಕಟ್ಟಡಗಳು. ಅವನಿಗೆ ಎರಡು ಮೂರು ದಿನ ಇತ್ತು, ಇವರಿಗೆ ಒಂದು ಹಗಲು. ಆದರೆ ಅವನು ನೋಡಿದ್ದನ್ನು ಬರೆದದ್ದರಿಂದಲೇ ಐನೂರೆಂಬತ್ತು ವರ್ಷದ ಮೇಲೂ ನಾವು ಅದರ ಮಾತಾಡುತ್ತಿದ್ದೇವೆ. ಬಂದವನು ಏನು ಕಂಡು ಹೋಗುತ್ತಾನೋ ಅದು ಅವನ ಊರಿನಲ್ಲಿ ನಮ್ಮ ಹೆಸರಾಗಿ ಉಳಿಯುತ್ತದೆ.

ಹಾಗಾದರೆ ದುಡ್ಡು? ನಾನು ಬ್ಯಾಂಕಿನವನು, ಅದನ್ನು ಬಿಟ್ಟು ಮಾತು ಮುಂದೆ ಹೋಗುವುದಿಲ್ಲ. ಹಡಗಿನಿಂದ ಬಂದರಿಗೆ ಶುಲ್ಕ ಸಿಗುತ್ತದೆ, ಪೈಲಟ್ಟು, ಟಗ್ಗಿನ ಬಾಬ್ತು ಸಿಗುತ್ತದೆ. ಬಸ್ಸು, ಟ್ಯಾಕ್ಸಿ, ಗೈಡುಗಳಿಗೆ ಬಾಡಿಗೆ, ಸಂಬಳ. ಆದರೆ ಊಟ, ಮಲಗುವುದು ಎರಡೂ ಹಡಗಿನಲ್ಲೇ ಆಗುವುದರಿಂದ ಹೋಟೆಲಿನವರಿಗೆ ಅಷ್ಟಾಗಿ ಏನೂ ಇಲ್ಲ. ನಮ್ಮ ಊರಿಗೆ ಬಂದ ನೆಂಟ ಬುತ್ತಿ ಕಟ್ಟಿಕೊಂಡೇ ಬಂದ ಹಾಗೆ. ಲೆಕ್ಕಕ್ಕೆ ಒಂದು ಮಾತು ಹೇಳುತ್ತೇನೆ: ಆ 271 ಜನ ತಲೆಗೆ ಸಾವಿರ ರೂಪಾಯಿಯ ಸಾಮಾನು ಕೊಂಡರು ಎಂದಿಟ್ಟುಕೊಳ್ಳಿ, ಎರಡು ಲಕ್ಷದ ಎಪ್ಪತ್ತೊಂದು ಸಾವಿರ. ಒಂದು ದಿನಕ್ಕೆ ಒಳ್ಳೆಯದೇ. ಆದರೆ ಇಂಥ ಹಡಗು ದಿನವೂ ಬರುವುದಿಲ್ಲ, ಮಳೆಗಾಲದಲ್ಲಿ ಬರುವುದೇ ಇಲ್ಲ. ಇದನ್ನು ನಂಬಿ ಯಾರೂ ಹೊಲ ಮಾರಿ ಅಂಗಡಿ ಹಾಕಬಾರದು. ಇದ್ದ ಕಸುಬಿನ ಜೊತೆಗೆ ಬಂದ ಮೇಲಾದಾಯ ಎಂದುಕೊಂಡವರು ಮಾತ್ರ ಉಳಿಯುತ್ತಾರೆ. ಗೇರುಬೀಜದ ಕಾರ್ಖಾನೆ ಹಡಗಿಗಾಗಿ ಹುಟ್ಟಿದ್ದಲ್ಲ, ಹಡಗು ಬಾರದಿದ್ದರೂ ಅದು ನಡೆಯುತ್ತದೆ.

ಇನ್ನು ಹಡಗು ಹೆಚ್ಚಾದ ಊರುಗಳ ಗೋಳು ಬೇರೆ. ಇಟಲಿಯ ವೆನಿಸ್ ನಗರದ ನೀರಿನ ಬೀದಿಗಳಲ್ಲಿ ದೊಡ್ಡ ಹಡಗುಗಳು ಮನೆಗಳ ಮುಂದೆಯೇ ಹಾದುಹೋಗುತ್ತಿದ್ದವು. 2019ರಲ್ಲಿ ಒಂದು ಹಡಗು ಕಟ್ಟೆಗೂ ಪ್ರವಾಸಿ ದೋಣಿಗೂ ಗುದ್ದಿತು. ಕೊನೆಗೆ 2021ರ ಆಗಸ್ಟ್ 1ರಿಂದ 25,000 ಟನ್ನಿಗೆ ಮೀರಿದ ಹಡಗು ಊರ ನಡುವಿನ ಕಾಲುವೆಗೆ ಬರಬಾರದೆಂದು ಇಟಲಿ ಸರ್ಕಾರ ತಡೆಯಿತು. ಮಂಗಳೂರಿನಲ್ಲಿ ನಾವು ಚೆಂಡೆ ಬಾರಿಸಿ ಸ್ವಾಗತಿಸಿದ ಆ ‘ಯುರೋಪಾ 2’ ಇದೆಯಲ್ಲ, ಅದು 42,000 ಟನ್ನಿಗೂ ಮೇಲೆ. ವೆನಿಸಿನ ಆ ಕಾಲುವೆಗೆ ಅದನ್ನೂ ಬಿಡುವುದಿಲ್ಲ. ಅಲಾಸ್ಕಾದ ಜುನೋ ಎಂಬ ಊರಿನ ಜನಸಂಖ್ಯೆ ಸುಮಾರು 32,000. ಅಲ್ಲಿ ಹಡಗಿನವರೊಂದಿಗೆ 2024ರಲ್ಲಿ ಒಪ್ಪಂದ ಮಾಡಿಕೊಂಡು, 2026ರಿಂದ ದಿನಕ್ಕೆ 16,000, ಶನಿವಾರ 12,000 ಪ್ರಯಾಣಿಕರಿಗಿಂತ ಹೆಚ್ಚು ಬೇಡ ಎಂದು ಗೊತ್ತುಮಾಡಿದರು. ಊರಿನ ಅರ್ಧದಷ್ಟು ಜನ ಒಂದೇ ಬೆಳಿಗ್ಗೆ ನೆಂಟರಾಗಿ ಇಳಿದರೆ ಮನೆಯವರು ಎಲ್ಲಿ ನಿಲ್ಲಬೇಕು?

ನಮ್ಮ ಆಂಧ್ರದಲ್ಲೂ ವಿಶಾಖಪಟ್ಟಣದಲ್ಲಿ 2023ರಲ್ಲಿ ಪ್ರವಾಸಿ ಹಡಗಿಗೆಂದೇ ಒಂದು ನಿಲ್ದಾಣ ಉದ್ಘಾಟನೆಯಾಗಿದೆ. ಸಿಂಹಾಚಲ, ತೊಟ್ಲಕೊಂಡದ ಬೌದ್ಧ ನೆಲೆ, ದಡಕ್ಕೆಳೆದು ವಸ್ತುಸಂಗ್ರಹಾಲಯ ಮಾಡಿರುವ ಕುರುಸುರಾ ಎಂಬ ಜಲಾಂತರ್ಗಾಮಿ ನೌಕೆ, ತೋರಿಸಲು ಅಲ್ಲಿ ಬೇಕಾದಷ್ಟಿದೆ. ಆ ಕಡೆ ಹೋಗುವವರು ನೋಡಿ ಬನ್ನಿ.

ಈಗ ನಮ್ಮ ಊರಿಗೆ ಬರೋಣ. ಮೊದಲು ಹೇಳಿದೆನಲ್ಲ, ಈ ವಿಷಯ ಯಾಕೆ ಆರಿಸಿಕೊಂಡೆ ಎಂದು. ಹಿಂದೂಪುರದಿಂದ ಹದಿನೈದು ಕಿಲೋಮೀಟರಿನ ಲೇಪಾಕ್ಷಿಗೆ ಶನಿವಾರ, ಭಾನುವಾರ ಬೆಂಗಳೂರಿನಿಂದ ಬರುವ ಬಸ್ಸು, ಕಾರುಗಳನ್ನು ನೀವು ನೋಡಿದ್ದೀರಿ. ಅವು ಒಣನೆಲದ ಹಡಗುಗಳು. ಬೆಳಿಗ್ಗೆ ಬರುತ್ತಾರೆ, ಬುತ್ತಿ ತಂದಿರುತ್ತಾರೆ, ಸಂಜೆಗೆ ಬೆಂಗಳೂರಿನ ವಾಹನದಟ್ಟಣೆಗೆ ಮುಂಚೆ ತಲುಪಬೇಕೆಂದು ಮೂರು ಗಂಟೆಗೇ ಹೊರಡುತ್ತಾರೆ. ಪುಟ್ಟಪರ್ತಿಗೆ ಬಂದ ವಿದೇಶೀಯರು ಎಷ್ಟೋ ವರ್ಷದಿಂದ ಬರುತ್ತಿದ್ದಾರೆ. 2019ರಲ್ಲಿ ಪೆನುಕೊಂಡದ ಬಳಿ ಕೊರಿಯಾದವರ ಕಾರು ಕಾರ್ಖಾನೆ ಶುರುವಾದ ಮೇಲೆ ಕೊರಿಯಾದ ಮುಖಗಳೂ ನಮಗೆ ಹೊಸತಲ್ಲ. 2022ರಲ್ಲಿ ಲೇಪಾಕ್ಷಿಯ ಗುಡಿಯನ್ನೂ ನಂದಿಯನ್ನೂ ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿಸಿದರು. 2024ರ ಜನವರಿಯಲ್ಲಿ ಪ್ರಧಾನಿ ಮೋದಿಯವರು ಬಂದುಹೋದ ಮೇಲೆ ಜನ ಇನ್ನೂ ಹೆಚ್ಚಾದರು. ಅಂದರೆ ಬಂದರಿಲ್ಲದಿದ್ದರೂ ಬಂದರಿನ ಪ್ರಶ್ನೆ ನಮ್ಮ ಮುಂದೆ ಇದೆ: ಅರ್ಧ ದಿನಕ್ಕೆ ಬಂದವನಿಗೆ ಏನು ತೋರಿಸುತ್ತೀರಿ, ಏನು ಹೇಳುತ್ತೀರಿ?

ಸದ್ಯಕ್ಕೆ ನಾವು ತೋರಿಸುವುದು ನಾಲ್ಕು. ನೆಲ ಬಿಟ್ಟು ತೂಗುವ ಕಂಬದ ಕೆಳಗೆ ಟವಲು ತೂರಿಸುವುದು. ಹೆಡೆಬಿಚ್ಚಿದ ನಾಗಲಿಂಗ. ವಿರೂಪಣ್ಣ ತನ್ನ ಕಣ್ಣು ಕಿತ್ತು ಗೋಡೆಗೆ ಎಸೆದ ಕೆಂಪು ಕಲೆ. ಆಮೇಲೆ ಊರಾಚೆಯ ಏಕಶಿಲೆಯ ದೊಡ್ಡ ಬಸವಣ್ಣ. ಪೆನುಕೊಂಡದ ಅಧಿಕಾರಿ ವಿರೂಪಣ್ಣ ರಾಜನ ಒಪ್ಪಿಗೆಯಿಲ್ಲದೆ ಖಜಾನೆಯ ಹಣ ಗುಡಿಗೆ ಸುರಿದ ಎಂಬ ಆ ಕತೆ ಬ್ಯಾಂಕಿನವನಾದ ನನಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಮೇಲಿನವರ ಸಹಿ ಇಲ್ಲದೆ ಖರ್ಚು ಹಾಕಿದರೆ ಏನಾಗುತ್ತದೆ ಎಂದು ನಮಗೆ ಸೇರಿದ ದಿನವೇ ಹೇಳಿಕೊಟ್ಟಿದ್ದರು. ಕತೆ ಇರಲಿ, ಬೇಡವೆನ್ನುವುದಿಲ್ಲ. ಆದರೆ ತಲೆ ಎತ್ತಿ ಮಾಡಿನ ಚಿತ್ರಗಳನ್ನು ನೋಡಿ ಎಂದು ಹೇಳುವವರು ಕಡಿಮೆ. ವಿಜಯನಗರ ಕಾಲದ ವರ್ಣಚಿತ್ರಗಳು ಅಷ್ಟು ಉಳಿದಿರುವ ಜಾಗ ಬಹಳ ಇಲ್ಲ. ಅದರಲ್ಲಿ ಬರೆದ ಸೀರೆಯ ಅಂಚುಗಳನ್ನೂ, ಲತಾಮಂಟಪದ ಕಂಬದ ಮೇಲೆ ಕೊರೆದ ಬಳ್ಳಿ ವಿನ್ಯಾಸಗಳನ್ನೂ ನೋಡಿದ ನೇಕಾರನಿಗೆ ಕಣ್ಣು ತುಂಬುತ್ತದೆ.

ಇನ್ನೊಂದು ಸಂಗತಿ. ಎರಡು ವರ್ಷದ ಕೆಳಗೆ ನಾನು ಲೇಪಾಕ್ಷಿಯ ಪ್ರಾಕಾರದಲ್ಲಿ ನೆರಳಿಗೆ ಕೂತಿದ್ದೆ. ಬೆಂಗಳೂರಿನ ಒಂದು ಗುಂಪು ಬಂತು, ಅದರಲ್ಲಿ ಇಬ್ಬರು ವಿದೇಶೀಯರು. ಅವರಲ್ಲಿ ಒಬ್ಬಳು ಗೋಡೆಯ ಮೇಲಿನ ಅಕ್ಷರ ತೋರಿಸಿ ಏನು ಬರೆದಿದೆ ಎಂದು ಕೇಳಿದಳು. ಜೊತೆಗೆ ಬಂದ ಹುಡುಗ “ಹಳೇ ತೆಲುಗು, ಈಗ ಯಾರಿಗೂ ಓದಲು ಬರುವುದಿಲ್ಲ” ಎಂದುಬಿಟ್ಟ. ಅದೇ ಹೊತ್ತಿಗೆ ಗಡಿ ಕಡೆಯ ಒಂದು ಕನ್ನಡ ಮೀಡಿಯಂ ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆತಂದಿದ್ದರು. ಅವರು ಜಗಳಕ್ಕೆ ಹೋಗಲಿಲ್ಲ. ತಮ್ಮ ಇಬ್ಬರು ಹುಡುಗಿಯರನ್ನು ಗೋಡೆಯ ಹತ್ತಿರ ನಿಲ್ಲಿಸಿ, “ಓದಿ ನೋಡೋಣಮ್ಮಾ” ಎಂದರು. ಅವರು ಬೆರಳಿಟ್ಟು ‘ಶ್ರೀ’ ಎಂದು ಹಿಡಿದರು, ಮುಂದೆ ಒಂದೊಂದೇ ಅಕ್ಷರ ತಡವುತ್ತ ಹೋದರು, ಕೆಲವು ಬಂದವು, ಕೆಲವು ಬರಲಿಲ್ಲ. ಉಳಿದದ್ದನ್ನು ಮೇಷ್ಟ್ರು ಹೇಳಿದರು. ದೇವರಿಗೆ ಬಿಟ್ಟ ಭೂಮಿಯ ಮಾತು, ಕನ್ನಡ ಭಾಷೆ, 1530ರ ದಶಕ, ಅಚ್ಯುತದೇವರಾಯನ ಕಾಲ. ಆ ವಿದೇಶಿ ಹೆಂಗಸು ತೂಗುಕಂಬದ ಕಡೆ ಹೋಗುವುದನ್ನೇ ಮರೆತು ಅಲ್ಲಿ ನಿಂತಳು. ತಪ್ಪು ಹೇಳಿದ ಹುಡುಗನೂ ನಿಂತು ತನ್ನ ಫೋನಿನಲ್ಲಿ ಬರೆದುಕೊಂಡ.

ಆ ಹುಡುಗನನ್ನು ನಾನು ಹಂಗಿಸುವುದಿಲ್ಲ. ಆ ಕಾಲಕ್ಕೆ ಕನ್ನಡ ತೆಲುಗು ಲಿಪಿಗಳು ಒಂದರ ಪಕ್ಕ ಒಂದು ಕೂತ ಅಕ್ಕತಂಗಿಯರ ಹಾಗೆ, ಗುರುತು ಹಿಡಿಯುವುದು ಸುಲಭವಲ್ಲ. ಆದರೆ ಯಾರಿಗೂ ಓದಲು ಬಾರದು ಎಂದನಲ್ಲ, ಅದು ನನ್ನ ಮನಸ್ಸಿಗೆ ಚುಚ್ಚಿತು. ಓದಬಲ್ಲವರು ಪಕ್ಕದ ಹಳ್ಳಿಗಳಲ್ಲೇ ಇದ್ದಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಎರಡರ ಜೊತೆ ಅಷ್ಟಿಷ್ಟು ಇಂಗ್ಲಿಷು ಕಲಿತ ಮಕ್ಕಳು ನಮ್ಮಲ್ಲಿರುವಷ್ಟು ಬೇರೆ ಎಲ್ಲಿದ್ದಾರೆ? ಈ ಭಾಷೆ ಓದಿ ನಿನಗೇನು ಕೆಲಸ ಸಿಗುತ್ತದೆ ಎಂದು ನಾವೇ ಅವರನ್ನು ಕೇಳಿ ಕೇಳಿ ಕನ್ನಡ ಶಾಲೆಗಳ ಹಾಜರಿ ಪುಸ್ತಕ ತೆಳ್ಳಗಾಗಿದೆ. ಬಂದರಿನ ಪೈಲಟ್ಟಿಗೆ ಆ ನೀರಿನ ಆಳ ಗೊತ್ತಿರುವುದೇ ಉದ್ಯೋಗ. ಇಲ್ಲಿನ ಗೋಡೆಗಳ ಆಳ ಗೊತ್ತಿರುವುದು ಈ ಮಕ್ಕಳಿಗೆ. ಪಿಯುಸಿಯೋ ಇಂಟರೋ ಮುಗಿಸಿ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಹೋಗುವ ನಮ್ಮ ಹುಡುಗರಲ್ಲಿ ಹತ್ತು ಜನ ಈ ಕೆಲಸ ಕಲಿತರೂ ಸಾಕು, ವಾರಕ್ಕೆ ಎರಡು ದಿನದ ಸಂಪಾದನೆ ಊರಲ್ಲೇ ಇದೆ. ಉಳಿದ ಐದು ದಿನ ಹೊಲ ಇದೆ, ಹಸು ಇದೆ.

ತೋರಿಸುವುದಕ್ಕೆ ಗುಡಿಯೊಂದೇ ಆಗಬೇಕೆಂದೂ ಇಲ್ಲ. ಮಂಗಳೂರಿನವರು ಗೇರುಬೀಜ ಒಡೆಯುವುದನ್ನು ತೋರಿಸುತ್ತಾರೆ. ನಮ್ಮ ಹಿಂದೂಪುರದ ಮಾರ್ಕೆಟ್ಟಿನಲ್ಲಿ ಹುಣಸೆಹಣ್ಣು ಕರಿಪುಳಿ ಬೇರೆ, ಫ್ಲವರ್ ಬೇರೆ ಎಂದು ವಿಂಗಡವಾಗಿ ರಾಶಿ ಬೀಳುವುದನ್ನು ಯಾರಿಗಾದರೂ ತೋರಿಸಿದ್ದೇವೆಯೇ? ಹಣ್ಣು ಬಡಿದು, ಬೀಜ ಬಿಡಿಸಿ, ನಾರು ತೆಗೆಯುವ ನಮ್ಮ ಹೆಣ್ಣುಮಕ್ಕಳ ಕೈ ಆ ಗೇರುಬೀಜದ ಹೆಂಗಸರ ಕೈಗಿಂತ ಏನೂ ಕಡಿಮೆಯಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜು ನಮಗೆ ಹಳೆಯದು, ನೋಡದವನಿಗೆ ಅದೊಂದು ನಾಟಕ. ಧರ್ಮವರಂ ಕಡೆ ನಿಮ್ಮಲಕುಂಟದಲ್ಲಿ ತೊಗಲುಗೊಂಬೆ ಮಾಡುವ ಮನೆಗಳಿವೆ. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಕಲ್ಯಾಣದುರ್ಗದ ಕಡೆಯವರೇ, ನಿಮಗೆ ಕಂಬದೂರಿನ ಮಲ್ಲಿಕಾರ್ಜುನನ ಹಳೆಯ ಗುಡಿ ಇದೆ. ಅಮರಾಪುರದ ಹತ್ತಿರದ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು ಆಗಿತ್ತು. ಸಾವಿರ ವರ್ಷ ಹಳೆಯ ಕಂಬಗಳ ನುಣುಪು ಅಲ್ಲಿ ಮುಟ್ಟಿ ನೋಡಬಹುದು. ಅಲ್ಲಿನ ಕೆಲವು ಕಂಬಗಳನ್ನು ಚೋಳರು ಗೆದ್ದು ತಮಿಳುನಾಡಿನ ತಿರುವಯ್ಯಾರಿನ ಗುಡಿಗೆ ಒಯ್ದರೆಂದು ವಿದ್ವಾಂಸರು ಬರೆದಿದ್ದಾರೆ. ಹಗೆಗಳು ಹೊತ್ತುಕೊಂಡು ಹೋಗುವಷ್ಟು ಚೆನ್ನಾಗಿದ್ದ ಕಂಬಗಳ ಊರಿಗೆ ಇವತ್ತು ಬಸ್ಸು ಕೇಳಿಕೊಂಡು ಹೋಗಬೇಕು.

ಬಂದವರು ಬಸ್ಸಿಳಿದ ಕೂಡಲೇ ಮೊದಲು ಕೇಳುವುದು ಕಂಬವನ್ನಲ್ಲ, ಕೈಕಾಲು ತೊಳೆಯುವ ಜಾಗವನ್ನು. ಅದು ಚೊಕ್ಕಟವಾಗಿದ್ದರೆ ಅರ್ಧ ಮರ್ಯಾದೆ ಉಳಿದ ಹಾಗೆ. ನನ್ನ ಸೋದರಳಿಯನೂ ಇದನ್ನೇ ಹೇಳುತ್ತಾನೆ. ಎಂಟು ಗಂಟೆಯ ಸುತ್ತಾಟದಲ್ಲಿ ಬಸ್ಸು ಎಲ್ಲಿ ನಿಲ್ಲಬೇಕೆಂದು ನಿಶ್ಚಯಿಸುವುದು ಗೊಮ್ಮಟನಲ್ಲ, ಶೌಚಾಲಯವಂತೆ. ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲಾರದೆ ಕುಣಿಯುವವರಿಗೆ ಅವನು ಬಸ್ಸಿನಲ್ಲಿ ಹಳೆಯ ಕಾಲುಚೀಲಗಳನ್ನು ಒಗೆದು ಇಟ್ಟಿರುತ್ತಾನೆ. ಗುಡಿಯವರ ತಕರಾರಿಲ್ಲದ ಕಡೆ ಕೊಡುತ್ತಾನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಹಡಗು ನೋಡಬೇಕೆನ್ನುವವರಿಗೆ ಒಂದು ಮಾತು. ಹಿಂದೂಪುರದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಸುಬ್ರಹ್ಮಣ್ಯದ ಘಟ್ಟ ಇಳಿಯುವ ಹಗಲಿನ ರೈಲು ಹಿಡಿಯಿರಿ, ಘಟ್ಟವೇ ಒಂದು ನೋಟ. ಬಂದರಿನ ಒಳಗೆ ಸುಮ್ಮನೆ ಬಿಡುವುದಿಲ್ಲ. ಪಕ್ಕದ ಪಣಂಬೂರು ಕಡಲತೀರಕ್ಕೆ ಸಂಜೆ ಹೋಗಿ ನಿಂತರೆ ಹೊರಗೆ ಲಂಗರು ಹಾಕಿ ಸರದಿ ಕಾಯುವ ಹಡಗುಗಳ ದೀಪ ಕಾಣುತ್ತವೆ. ಶಾಲೆಯ ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು. ಅದಕ್ಕೆ ಮುಂಚೆ ಒಂದು ಭಾನುವಾರ ಅದೇ ಮಕ್ಕಳನ್ನು ಲೇಪಾಕ್ಷಿಯ ಗೋಡೆಯ ಹತ್ತಿರ ನಿಲ್ಲಿಸಿ. ಹೋಗುವಾಗ ಒಂದು ಭೂತಗನ್ನಡಿ ಇಟ್ಟುಕೊಳ್ಳಿ, ಸುಣ್ಣ ಹಚ್ಚಿ ಅಕ್ಷರ ಕೆಡಿಸಬೇಡಿ, ಬೆಳಿಗ್ಗೆ ಎಂಟರ ಓರೆ ಬಿಸಿಲಿನಲ್ಲಿ ಅಕ್ಷರ ತಾನಾಗಿಯೇ ಎದ್ದು ಕಾಣುತ್ತದೆ.